ವೆಸ್‌ನಾತ್‌ನಲ್ಲಿ ಏಟಿನ ಲೆಕ್ಕ: ನಾನು ಹಾಕುವ ರೀತಿ

ಬ್ಯಾಟಲ್ ಫಾರ್ ವೆಸ್‌ನಾತ್ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಸ್ಪಿಯರ್‌ಮನ್ (ಈಟಿ ಹಿಡಿದ ಸೈನಿಕ) ಹೆಸರಿನ ಪಕ್ಕ 7-3 ಅಂತ ಬರೆದಿರುತ್ತದೆ. ಏಟಿಗೆ 7ರಂತೆ ಮೂರು ಏಟು. ಕಣಕ್ಕಿಳಿದ ಮೇಲೆ ಈ 7 ಎರಡಕ್ಕೂ ಇಳಿಯಬಹುದು, ಹತ್ತಕ್ಕೂ ಏರಬಹುದು. ಆದ್ದರಿಂದ ಬರೆದ ಅಂಕಿಯನ್ನು ನಂಬದೆ, ಎದುರಾಳಿ ಯಾರು, ಹೊತ್ತು ಯಾವುದು, ಅವನು ನಿಂತ ನೆಲ ಎಂಥದು ಎಂಬುದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಬಲ ಅಳೆಯುತ್ತೇನೆ.

ಮೊದಲ ಕಾಲಂ ಹೊತ್ತಿನದು. ಲಾಫುಲ್ (ಹಗಲಿನ ಪಂಗಡದ) ಯೂನಿಟ್‌ಗೆ, ಅಂದರೆ ಸೈನಿಕನಿಗೆ, ಹಗಲು +25%, ರಾತ್ರಿ −25%, ಕೆಯಾಟಿಕ್‌ಗೆ (ರಾತ್ರಿಯ ಪಂಗಡಕ್ಕೆ) ತಿರುಗಾಮುರುಗಾ. ಇಲ್ಲಿ ಲೆಕ್ಕ ಹಾಕುವ ನನ್ನ ಯೂನಿಟ್‌ಗಳೆಲ್ಲ ಲಾಫುಲ್. ಪಕ್ಕದಲ್ಲಿ ಲೀಡರ್‌ಶಿಪ್ (ಜೊತೆಯವರ ಏಟು ಹೆಚ್ಚಿಸುವ ಗುಣ) ಇರುವವನು ನಿಂತಿದ್ದರೆ, ಅವನಿಗಿಂತ ಎಷ್ಟು ಲೆವೆಲ್ ಕಡಿಮೆಯೋ ಅಷ್ಟು 25%. ಇವೆರಡನ್ನೂ ಕೂಡಬೇಕು. ರೆಸಿಸ್ಟೆನ್ಸನ್ನು (ಆಯುಧದ ಬಗೆಗೆ ತಕ್ಕಂತೆ ಎದುರಾಳಿಗಿರುವ ರಕ್ಷಣೆ) ಮಾತ್ರ ಕೂಡಬಾರದು, ಗುಣಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಎದುರಾಳಿ ಸ್ಕೆಲಿಟನ್ (ಅಸ್ಥಿಪಂಜರದ ಸೈನಿಕ) ಎನ್ನಿ; ಅದಕ್ಕೆ ಈಟಿಯಂಥ ಚುಚ್ಚುವ ಆಯುಧದ ವಿರುದ್ಧ 60% ರಕ್ಷಣೆ. ಹಗಲಿನಲ್ಲಿ 25−60 ಅಂತ ಕೂಡಿದರೆ 4.55, ಅಂದರೆ 5 ಬರುತ್ತದೆ. ಆಟದ ಲೆಕ್ಕ 7×1.25×0.4 = 3.5, ತೋರಿಸುವುದು 4.

3.5 ನಾಲ್ಕೇ ಯಾಕಾಯಿತು? ಸರಿಯಾಗಿ ಅರ್ಧಕ್ಕೆ ನಿಂತಾಗ ಆಟ ಮೂಲ ಅಂಕಿಯ ಕಡೆಗೇ ಸರಿಯುತ್ತದೆ. ಸ್ಪಿಯರ್‌ಮನ್ ಎಸೆಯುವ ಈಟಿಯ 6, ಹಗಲಲ್ಲಿ 7.5 ಆಗಿ 7ಕ್ಕೆ ಇಳಿಯುತ್ತದೆ; ರಾತ್ರಿ 4.5 ಆಗಿ 5ಕ್ಕೆ ಏರುತ್ತದೆ. ಮಾಮೂಲಿ ROUND ಸೂತ್ರ ಹಾಕಿದರೆ ಹಗಲಿನ ಸಾಲು ತಪ್ಪುತ್ತದೆ. ಎಷ್ಟೇ ಕಡಿಮೆಯಾದರೂ ಏಟಿಗೆ 1 ಇದ್ದೇ ಇರುತ್ತದೆ.

ಈ ಪೂರ್ಣಾಂಕದ ಆಟ ಚಿಕ್ಕದಲ್ಲ. ಅದೇ ಸ್ಪಿಯರ್‌ಮನ್ ಪಕ್ಕ ಹಗಲಲ್ಲಿ ಲೆಫ್ಟಿನೆಂಟ್ (ಲೀಡರ್‌ಶಿಪ್ ಇರುವವನು, ಒಂದು ಲೆವೆಲ್ ಮೇಲೆ) ನಿಲ್ಲಿಸಿ: 7×1.5×0.4 = 4.2, ಮತ್ತೆ 4. ಲೆಫ್ಟಿನೆಂಟ್ ಅಲ್ಲಿ ದಂಡ. ಅವನನ್ನೇ ಹೆವಿ ಇನ್‌ಫೆಂಟ್ರಿಯ (ಭಾರಿ ಕವಚದ ಸೈನಿಕ, 11-2) ಪಕ್ಕಕ್ಕೆ ತನ್ನಿ. ಜಜ್ಜುವ ಏಟಿಗೆ ಸ್ಕೆಲಿಟನ್ 20% ಹೆಚ್ಚು ತಿನ್ನುತ್ತದೆ. ಲೆಫ್ಟಿನೆಂಟ್ ಇಲ್ಲದೆ 16.5 ಆಗಿ 16, ಎರಡೂ ಬಿದ್ದರೆ 32. ಸ್ಕೆಲಿಟನ್‌ಗೆ 34 ಹಿಟ್‌ಪಾಯಿಂಟ್ (ಪ್ರಾಣದ ಅಂಕ), ಬದುಕುತ್ತದೆ. ಅವನಿದ್ದರೆ 19.8 ಆಗಿ 20, ಎರಡೇಟಿಗೆ ಮುಗಿಯಿತು. (ಈ ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದುಂಟು. ಆಟದ ಸಹಾಯ ಪುಟ ನೋಡಿಕೊಂಡೇ ತುಂಬಿ.)

ನೆಲ ಏಟಿನ ಗಾತ್ರ ಬದಲಿಸುವುದಿಲ್ಲ, ತಾಗುವ ಸಾಧ್ಯತೆಯನ್ನಷ್ಟೇ ಬದಲಿಸುತ್ತದೆ. ಸ್ಕೆಲಿಟನ್ ಬಯಲಲ್ಲಿದ್ದರೆ ಪ್ರತಿ ಏಟಿಗೆ 60%, ಕೋಟೆಯಲ್ಲಿದ್ದರೆ 40%. ಮೇಜ್‌ಗೆ (ಮರದ್ದಲ್ಲ, ಮಾಂತ್ರಿಕ) ಎದುರಾಳಿ ಎಲ್ಲಿದ್ದರೂ 70%. ಅವನ ಬೆಂಕಿ 7-3; ಬೆಂಕಿಗೂ ಸ್ಕೆಲಿಟನ್ 20% ಹೆಚ್ಚು ತಿನ್ನುವುದರಿಂದ ಹಗಲಲ್ಲಿ 10.5 ಆಗಿ 10.

ಸರಾಸರಿ ಡ್ಯಾಮೇಜ್ ನೋಡಿ ಯೂನಿಟ್ ಆರಿಸುವುದನ್ನು ನಾನು ಬಿಟ್ಟಿದ್ದೇನೆ; ಕೊಲ್ಲುವ ಸಾಧ್ಯತೆಯನ್ನೇ ನೋಡುತ್ತೇನೆ. ಲೆಫ್ಟಿನೆಂಟ್ ಇಲ್ಲದ ಹಗಲಿನಲ್ಲಿ ಹೆವಿ ಒಬ್ಬನಿಂದ ಸೊನ್ನೆ, ಮೇಜ್ ಒಬ್ಬನಿಂದಲೂ ಸೊನ್ನೆ. ಬಯಲಲ್ಲಿರುವ ಸ್ಕೆಲಿಟನ್ ಮೇಲೆ ಇಬ್ಬರೂ ಸೇರಿದರೆ: ಮೇಜ್‌ನ ಒಂದೇ ಏಟು ಬೀಳುವುದು 18.9%, ಆಗ ಹೆವಿಯ ಎರಡೂ ತಾಗಬೇಕು (36%). ಎರಡೋ ಮೂರೋ ಬೀಳುವುದು 78.4%, ಆಗ ಹೆವಿಯದು ಒಂದು ತಾಗಿದರೆ ಸಾಕು (84%). ಒಟ್ಟು ಸುಮಾರು 73%. ಕೋಟೆಯಲ್ಲಿ ಇದೇ ಜೋಡಿಗೆ 53%.

ದಾಳಿಯ ಕಿಟಕಿಯಲ್ಲಿರುವ ಲೆಕ್ಕದ ಬಟನ್ ಒಂದು ಕಾಳಗದ್ದು ಮಾತ್ರ ಹೇಳುತ್ತದೆ; ಸರಣಿಯನ್ನು ನಾವೇ ಗುಣಿಸಿಕೊಳ್ಳಬೇಕು. ಯಾರು ಮೊದಲು ಹೋದರೂ 73% ಬದಲಾಗದು. ಆದರೂ ಮೇಜ್‌ನನ್ನೇ ಮುಂದೆ ಬಿಡುತ್ತೇನೆ: ಸ್ಕೆಲಿಟನ್‌ಗೆ ದೂರದಿಂದ ಹೊಡೆಯುವ ಆಯುಧವಿಲ್ಲ, ತಿರುಗೇಟು ಬರುವುದಿಲ್ಲ. ಅವನ ಮೂರೂ ಏಟು ತಪ್ಪಿದರೆ, ಅದು 2.7%, ಹೆವಿಯನ್ನು ಆ ಕಡೆ ಕಳಿಸುವುದೇ ಇಲ್ಲ.