ಟಿನ್ನಿನಿಂದ ಇಡಿಯಾಗಿ ಏಳುವ ಕೇಕು

ಆಲೆಮನೆಯ ಕಾಲದಲ್ಲಿ ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾಡುವುದನ್ನು ಹತ್ತಿರ ಕುಳಿತು ನೋಡಿದವರಿಗೆ, ಪಾತ್ರೆಗೂ ಹಿಟ್ಟಿಗೂ ಇರುವ ಸಂಬಂಧದ ಅರ್ಧ ಪಾಠ ಅಲ್ಲಿಯೇ ಆಗಿರುತ್ತದೆ. ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ, ಅದರ ಕೆಳಗೆ ಹದವಾದ ಉರಿ, ಪಕ್ಕದಲ್ಲಿ ಕಬ್ಬಿನ ಹಾಲಿನಲ್ಲಿ ನೀರಾಗಿ ಕದಡಿದ ಅಕ್ಕಿಹಿಟ್ಟು. ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಮ್ಮೆ ಎಳೆದರೆ ಕಾಗದದಷ್ಟು ತೆಳುವಾದ ಹಾಳೆ ಕೂರುತ್ತದೆ; ಸ್ವಲ್ಪ ಹೊತ್ತಿಗೆ ಅದರ ಅಂಚು ತಾನಾಗಿ ಎದ್ದು ನಿಂತಾಗ ಮಾತ್ರ ಕೈ ಹಾಕಬೇಕು. ಅವಸರದಲ್ಲಿ ಎಳೆದರೆ ಹರಿಯುತ್ತದೆ, ತಡವಾದರೆ ಪುಡಿಯಾಗುತ್ತದೆ. ಆ ಗಡಿಗೆಗೆ ಕಂಪನಿಯ ಲೇಪನವೇನೂ ಇಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ್ದೇ ಅದರ ಗುಣ. ಕಬ್ಬಿನ ಹಾಲಿನಂಥ ಅಂಟು ಪದಾರ್ಥವೇ ಬರಿ ಮಣ್ಣಿನಿಂದ ಇಡಿಯಾಗಿ ಏಳುವಾಗ, ಕೇಕು ಏಳಲಿಲ್ಲವೆಂದು ಟಿನ್ನನ್ನು ಮಾತ್ರ ದೂರುವುದು ನನಗೆ ಸರಿಯೆನಿಸುವುದಿಲ್ಲ.

ಅಂಟುವುದಕ್ಕೆ ಕಾರಣ ಸರಳವಾಗಿದೆ. ಕಣ್ಣಿಗೆ ನುಣ್ಣಗೆ ಕಾಣುವ ಲೋಹದ ಮೈಯಲ್ಲಿಯೂ ಸಣ್ಣ ಸಣ್ಣ ಕುಳಿಗಳಿರುತ್ತವೆ. ತೆಳುವಾದ ಹಿಟ್ಟು ಅವುಗಳೊಳಗೆ ಇಳಿದು, ಕಾವು ಏರಿದಂತೆ ಅಲ್ಲಿಯೇ ಗಟ್ಟಿಯಾಗುತ್ತದೆ. ಮೊಟ್ಟೆ ಮತ್ತು ಹಾಲಿನ ಸಸಾರಜನಕ ಲೋಹವನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆ ಕರಗಿ ಪಾಕವಾಗಿ ಗೋಂದಿನ ಕೆಲಸ ಮಾಡುತ್ತದೆ. ಆದ್ದರಿಂದ ಹಿಟ್ಟು ಮತ್ತು ಲೋಹದ ನಡುವೆ ಏನನ್ನು ಇಡುತ್ತೇವೆ, ಕಾವು ಎಷ್ಟಿದೆ, ಯಾವಾಗ ಎಬ್ಬಿಸುತ್ತೇವೆ ಎಂಬ ಮೂರರ ಮೇಲೆಯೇ ಕೇಕಿನ ಹಣೆಬರಹ ನಿಂತಿದೆ. ಟಿನ್ನಿನ ಬೆಲೆಗೆ ಇದರಲ್ಲಿ ಸಣ್ಣ ಪಾಲು ಮಾತ್ರ ಇದೆ.

ಹಾಗೆಂದು ಯಾವುದನ್ನಾದರೂ ಕೊಳ್ಳಬಹುದೆಂದು ಅರ್ಥವಲ್ಲ. ಮೊದಲ ಸಲ ಕೊಳ್ಳುವವರು ತಿಳಿ ಬಣ್ಣದ, ಲೇಪನವಿಲ್ಲದ, ದಪ್ಪ ಅಲ್ಯೂಮಿನಿಯಮ್ ಟಿನ್ನನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಯೂಮಿನಿಯಮ್ ಕಾವನ್ನು ಬೇಗ ಮತ್ತು ಸಮವಾಗಿ ಹರಡುತ್ತದೆ. ಅಂಗಡಿಯಲ್ಲಿಯೇ ಹೆಬ್ಬೆರಳಿನಿಂದ ತಳವನ್ನು ಒತ್ತಿ ನೋಡಿ. ಒಳಕ್ಕೆ ಬಾಗಿ ಟಕ್ಕೆಂದು ಹೊರಕ್ಕೆ ಬಂದರೆ ಅದು ಒಲೆಯೊಳಗೆ ಸೊಟ್ಟಗಾಗುವ ಟಿನ್ನು, ಅದನ್ನು ಅಲ್ಲಿಯೇ ಬಿಡಿ. ಮಡಿಕೆ ಮತ್ತು ಸಂದುಗಳಿಲ್ಲದ ಟಿನ್ನಾದರೆ ಒಳ್ಳೆಯದು, ಏಕೆಂದರೆ ಸಂದಿನಲ್ಲಿ ಸಿಕ್ಕಿಕೊಂಡ ಹಿಟ್ಟು ಮುಂದಿನ ಕೇಕನ್ನೂ ಹಿಡಿದೆಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲು ಕಾವನ್ನು ಸರಿಯಾಗಿ ಹರಡುವುದಿಲ್ಲ, ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಸುತ್ತದೆ. ಸಾರಿಗೆ ಸ್ಟೀಲು ಚೆನ್ನ, ಕೇಕಿಗೆ ಅಲ್ಲ. ಗಾಜಿನ ಪಾತ್ರೆ ನಿಧಾನವಾಗಿ ಕಾಯ್ದು ಬಹಳ ಹೊತ್ತು ಕಾವನ್ನು ಹಿಡಿದಿಡುತ್ತದೆ, ಆದ್ದರಿಂದ ಓಟಿಜಿಯ, ಅಂದರೆ ಕರೆಂಟಿನ ಪುಟ್ಟ ಓವನ್ನಿನ, ಕಾವನ್ನು 10ರಿಂದ 15 ಡಿಗ್ರಿ ತಗ್ಗಿಸಬೇಕು. ಕಪ್ಪು ಬಣ್ಣದ ಟಿನ್ನಿಗೂ ಇದೇ ಮಾತು, ಕಾರಣ ಮಾತ್ರ ಬೇರೆ: ಕಪ್ಪು ಮೈ ಕಾವನ್ನು ಹೆಚ್ಚಾಗಿ ಹೀರುವುದರಿಂದ ಒಳಗೆ ಬೇಯುವ ಮೊದಲೇ ಅಂಚು ಕರಕಲಾಗುತ್ತದೆ, ಕರಕಲಾದದ್ದು ಅಂಟುತ್ತದೆ. ಸಿಲಿಕೋನ್ ಅಚ್ಚುಗಳಿಂದ ಕೇಕು ಸುಲಭವಾಗಿ ಬಿಡುತ್ತದೆಯಾದರೂ ಹೊಂಬಣ್ಣ ಬರುವುದಿಲ್ಲ. ಅವುಗಳನ್ನು ತಟ್ಟೆಯ ಮೇಲಿಟ್ಟೇ ಎತ್ತಬೇಕು, ಇಲ್ಲವಾದರೆ ಹಿಟ್ಟು ಬಾಗಿ ಚೆಲ್ಲುತ್ತದೆ.

ನಾನ್‌ಸ್ಟಿಕ್ ಟಿನ್ನುಗಳ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅವುಗಳ ಮೇಲಿರುವ ಟೆಫ್ಲಾನ್ ಎಂಬ ಪದಾರ್ಥ 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಶೀತಕ ಅನಿಲಗಳ ಪ್ರಯೋಗದ ನಡುವೆ ಅಕಸ್ಮಾತ್ತಾಗಿ ಸಿಕ್ಕಿದ್ದು. ಕೇಕಿಗೆ ಬೇಕಾದ 160ರಿಂದ 180 ಡಿಗ್ರಿ ಕಾವಿನಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. 260 ಡಿಗ್ರಿ ದಾಟಿದರೆ ಲೇಪನ ಹಾಳಾಗತೊಡಗುತ್ತದೆ, ಇನ್ನೂ ಏರಿದರೆ ಕೆಟ್ಟ ಹೊಗೆ ಬಿಡುತ್ತದೆ. ಆದ್ದರಿಂದ ಖಾಲಿ ನಾನ್‌ಸ್ಟಿಕ್ ಪಾತ್ರೆಯನ್ನು ಉರಿಯ ಮೇಲೆ ಕಾಯಲು ಬಿಡಬಾರದು. ನಮ್ಮ ಮನೆಯಲ್ಲಿ ಸೊಸೆ ಆಸೆಪಟ್ಟು ತಂದ ಕಪ್ಪು ಟಿನ್ನನ್ನು ಹಾಳು ಮಾಡಿದವಳು ನಾನೇ. ಅದರಲ್ಲಿ ಬೆಂದ ಕೇಕನ್ನು ಅಲ್ಲಿಯೇ ಚಾಕುವಿನಿಂದ ಚೌಕ ಕತ್ತರಿಸಿ, ದೋಸೆ ಮಗುಚುವ ಸಟ್ಟುಗದಿಂದ ಎಬ್ಬಿಸಿ ಎಲ್ಲರಿಗೂ ಹಂಚಿದೆ. ತೊಳೆಯುವಾಗ ನೋಡಿದರೆ ಟಿನ್ನಿನ ತಳದಲ್ಲಿ ಚೌಕಾಬಾರದ ಮನೆ ಬರೆದಂತೆ ಬಿಳಿ ಗೆರೆಗಳು. ಸೊಸೆ ಏನೂ ಹೇಳಲಿಲ್ಲ, ಅದೇ ಹೆಚ್ಚು ಬೇಸರವಾಯಿತು. ಮುಂದಿನ ಕೇಕು ಆ ಗೆರೆಗಳಲ್ಲಿಯೇ ಹಿಡಿದುಕೊಂಡಿತು. ಲೇಪನದ ಟಿನ್ನಿಗೆ ಮರದ ಅಥವಾ ಸಿಲಿಕೋನಿನ ಸಟ್ಟುಗ ಮಾತ್ರ ಬಳಸಬೇಕು, ಕೇಕನ್ನು ಹೊರಗೆ ತೆಗೆದ ಮೇಲೆಯೇ ಕತ್ತರಿಸಬೇಕು, ಮತ್ತು ಅಂಗಡಿಯಲ್ಲಿ ಸಿಗುವ ಎಣ್ಣೆ ಸ್ಪ್ರೇಗಳನ್ನು ಅದರ ಮೇಲೆ ಹಾಕಬಾರದು; ಅವುಗಳಲ್ಲಿರುವ ಲೆಸಿಥಿನ್ ಕಾಯ್ದು ಜಿಗುಟಾದ ಪದರವಾಗಿ ಉಳಿದು, ನಯವಾಗಿದ್ದದ್ದನ್ನು ಅಂಟಾಗಿಸುತ್ತದೆ.

ಇನ್ನು ಸವರುವ ವಿಷಯ. ಬೆಣ್ಣೆ ಸವರಿದರೆ ಘಮ ಬರುತ್ತದೆ, ನಿಜ; ಆದರೆ ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರೂ ಸ್ವಲ್ಪ ಹಾಲಿನ ಅಂಶವೂ ಇರುವುದರಿಂದ, ಆ ಹಾಲಿನ ಅಂಶವೇ ಕಂದಿ ಅಂಟುತ್ತದೆ. ಕಾಸಿದ ತುಪ್ಪದಲ್ಲಿ ಇವೆರಡೂ ಇಲ್ಲ. ತೆಳು ಎಣ್ಣೆ ಗೋಡೆಯಿಂದ ಜಾರಿ ಮೂಲೆಯಲ್ಲಿ ಮಡುಗಟ್ಟುತ್ತದೆ. ಗೋಡೆ ಬರಿದಾಗಿ ಕೇಕು ಹಿಡಿದುಕೊಳ್ಳುತ್ತದೆ, ತಳದಂಚು ಎಣ್ಣೆಯಲ್ಲಿ ಕರಿದಂತಾಗುತ್ತದೆ. ಹೀಗಾಗಿ ಗಟ್ಟಿಯಾಗಿ ನಿಲ್ಲುವ ಜಿಡ್ಡೇ ಸರಿ. ಈ ವಿಷಯದಲ್ಲಿ ಮಲೆನಾಡಿನ ಚಳಿ ನಮಗೆ ಅನುಕೂಲವೇ ಆಗಿದೆ: ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಾರ್ಗಶಿರ, ಪುಷ್ಯ ಮಾಸಗಳ ಬೆಳಿಗ್ಗೆ ಶೀಸೆಯಲ್ಲಿ ಬಿಳಿಯಾಗಿ ಕೂತಿರುತ್ತದೆ, ಬೆರಳಿನಿಂದ ತೆಗೆದು ಸವರಿದರೆ ಗೋಡೆಯ ಮೇಲೆ ಹಾಗೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಸವರಿದ ಟಿನ್ನನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಹಿಟ್ಟು ಹೊಯ್ಯಿರಿ. ಕಾವಲಿಗೆ ಎಣ್ಣೆ ಹಚ್ಚಲು ನಮ್ಮಲ್ಲಿ ತೊಟ್ಟು ಸಮೇತ ಕತ್ತರಿಸಿದ ಬದನೆಕಾಯಿಯನ್ನೋ ಅರ್ಧ ಈರುಳ್ಳಿಯನ್ನೋ ಬಳಸುತ್ತೇವೆ. ಕೇಕಿಗೆ ಆ ವಾಸನೆ ಬೇಡ, ಬೆರಳು ಸಾಕು, ಮೂಲೆಗಳನ್ನು ತಲುಪುವುದರಲ್ಲಿ ಬೆರಳನ್ನು ಮೀರಿಸಿದ ಬ್ರಷ್ಷು ನನಗೆ ಕಂಡಿಲ್ಲ.

ಜಿಡ್ಡಿನ ಮೇಲೆ ಒಂದು ಚಮಚ ಮೈದಾ ಉದುರಿಸಿ, ಟಿನ್ನನ್ನು ಸುತ್ತಲೂ ತಿರುಗಿಸಿ, ಹೆಚ್ಚಾದದ್ದನ್ನು ಬೋರಲು ಹಾಕಿ ತಟ್ಟಿ ತೆಗೆಯಬೇಕು. ಚಾಕೊಲೇಟ್ ಕೇಕಿಗೆ ಮೈದಾದ ಬದಲು ಕೋಕೋ ಪುಡಿ ಬಳಸಿದರೆ ಬಿಳಿ ಮಚ್ಚೆಗಳು ಕಾಣುವುದಿಲ್ಲ. ಹೂವಿನ ಆಕಾರದ, ಗೆರೆ ಗೆರೆಯಿರುವ ಅಚ್ಚುಗಳಿಗೆ ಇದೂ ಸಾಲದು. ಅವುಗಳಿಗೆ ಮೈದಾ, ಎಣ್ಣೆ ಮತ್ತು ವನಸ್ಪತಿಯನ್ನು ಸಮಪಾಲು ತೆಗೆದುಕೊಂಡು, ಮಜ್ಜಿಗೆ ಕಡೆಯುವಂತೆ ನೊರೆಯಾಗುವವರೆಗೆ ಕಡೆದು ಇಟ್ಟುಕೊಂಡರೆ ಫ್ರಿಜ್ಜಿನಲ್ಲಿ ಒಂದು ತಿಂಗಳು ಉಳಿಯುತ್ತದೆ. ವನಸ್ಪತಿ ಬೇಡವೆನ್ನುವವರು ಗಟ್ಟಿ ತುಪ್ಪ ಹಾಕಬಹುದು. ಇದನ್ನು ಹಿಟ್ಟು ಹೊಯ್ಯುವ ಮುಂಚಿನ ಕ್ಷಣದಲ್ಲಿಯೇ ಹಚ್ಚಬೇಕು. ಎಲ್ಲಕ್ಕೂ ಜಿಡ್ಡು ಬೇಕೆಂಬ ನಿಯಮವೂ ಇಲ್ಲ: ನಾನ್‌ಕಟಾಯಿಯಲ್ಲಿ ಸಾಕಷ್ಟು ತುಪ್ಪವಿರುವುದರಿಂದ ತಟ್ಟೆಗೆ ಮತ್ತೆ ಸವರಿದರೆ ಅದು ಹರಡಿ ಚಪ್ಪಟೆಯಾಗುತ್ತದೆ, ಮತ್ತು ಮೊಟ್ಟೆಯ ಬಿಳಿಯನ್ನೇ ನೊರೆಯೆಬ್ಬಿಸಿ ಮಾಡುವ ಏಂಜಲ್ ಕೇಕಿನಂಥವು ಗೋಡೆಯನ್ನು ಹಿಡಿದುಕೊಂಡೇ ಮೇಲೇರಬೇಕಾದ್ದರಿಂದ ಅವುಗಳ ಟಿನ್ನಿಗೆ ಏನನ್ನೂ ಸವರಬಾರದು.

ತಳಕ್ಕೆ ಹಾಸುವ ಕಾಗದದಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಬಟರ್ ಪೇಪರ್ ಎಂದು ಮಾರುವ ಕಾಗದಗಳೆಲ್ಲ ಒಂದೇ ಅಲ್ಲ. ಸಿಲಿಕೋನ್ ಲೇಪನವಿರುವ ಬೇಕಿಂಗ್ ಪೇಪರ್ ತಾನಾಗಿ ಬಿಡುತ್ತದೆ, ಲೇಪನವಿಲ್ಲದ ಬರಿಯ ಬಟರ್ ಪೇಪರಿಗೆ ಎರಡೂ ಬದಿ ತುಪ್ಪ ಸವರಲೇಬೇಕು. ಮೇಣದ ಕಾಗದ ಕರಗುತ್ತದೆ. ಪತ್ರಿಕೆಯ ಕಾಗದದ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ.

ನಮ್ಮ ಕಡೆ ಕಾಗದಕ್ಕಿಂತ ಮೊದಲೇ ಬಾಳೆಲೆ ಇತ್ತು. ನನ್ನ ಅಜ್ಜಿ ಸೌತೆಕಾಯಿಯ ಸಿಹಿ ಕಡುಬನ್ನು ದಪ್ಪ ತಳದ ಪಾತ್ರೆಯಲ್ಲಿ ಹೊಯ್ದು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಪಾತ್ರೆಯೊಳಗೆ ಬಾಡಿಸಿದ ಬಾಳೆಲೆ ಇರುತ್ತಿತ್ತು. ನಾನು ಈಗಲೂ ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ, ಕೇಕಿಗೆ ಹಾಗೆಯೇ ಮಾಡುತ್ತೇನೆ. ಎಲೆಯ ದಂಟನ್ನು ಸವರಿ ತೆಗೆದು, ಉರಿಯ ಮೇಲೆ ಸರಸರನೆ ಆಡಿಸಿದರೆ ಅದರ ಮೈಯ ಮೇಣ ಕರಗಿ ಎಲೆ ಹೊಳೆಯುತ್ತದೆ, ಮಡಿಸಿದರೂ ಸೀಳುವುದಿಲ್ಲ. ಟಿನ್ನನ್ನು ಎಲೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ, ನಯವಾದ ಬದಿ ಮೇಲಕ್ಕೆ ಬರುವಂತೆ ಹಾಸಿ, ತೆಳುವಾಗಿ ತುಪ್ಪ ಸವರಬೇಕು. ಕೇಕು ಬೆಂದು ಆರಿದ ಮೇಲೆ ಬೋರಲು ಹಾಕಿದರೆ ಕಂದುಬಣ್ಣಕ್ಕೆ ತಿರುಗಿದ ಎಲೆ ತಳದ ಮೇಲೆ ಕೂತಿರುತ್ತದೆ. ಒಂದು ಅಂಚು ಹಿಡಿದು ಎಳೆದರೆ ಸರ್ರನೆ ಬಿಡುತ್ತದೆ, ಎಲೆಯ ನರಗಳ ಗೆರೆಗಳು ಕೇಕಿನ ಮೇಲೆ ಒಂದರ ಪಕ್ಕ ಒಂದು ಮೂಡಿರುತ್ತವೆ.

ಜೋನಿ ಬೆಲ್ಲದ ಕೇಕಿಗೆ ಇಷ್ಟು ಉಪಚಾರ ಬೇಕಾಗಿರುವುದಕ್ಕೆ ಕಾರಣವಿದೆ. ಬೆಲ್ಲದಲ್ಲಿ, ಅದರಲ್ಲಿಯೂ ಜೋನಿಯಲ್ಲಿ, ಸಕ್ಕರೆಯ ಜೊತೆಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡ ಇರುವುದರಿಂದ ಅದು ಬಿಳಿ ಸಕ್ಕರೆಗಿಂತ ಕಡಿಮೆ ಕಾವಿನಲ್ಲಿಯೇ ಕಂದುತ್ತದೆ, ಹೆಚ್ಚು ಜಿಗುಟಾಗುತ್ತದೆ. ಸಕ್ಕರೆಯ ಕೇಕು 180 ಡಿಗ್ರಿಯಲ್ಲಿ ಬೆಂದರೆ ಇದಕ್ಕೆ 160 ಸಾಕು, ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಮಾಗಿದ ಪುಟ್ಟಬಾಳೆ ಅಥವಾ ಹಲಸಿನ ಹಣ್ಣು ಹಾಕಿದ ಕೇಕಿಗೂ ಇದೇ ಕ್ರಮ. ಅನಾನಸಿನ ಹೋಳುಗಳನ್ನು ತಳದಲ್ಲಿ ಜೋಡಿಸುವುದಾದರೆ ಬರಿ ಅಲ್ಯೂಮಿನಿಯಮ್ಮಿಗೆ ಅದರ ಹುಳಿ ತಾಗದಂತೆ ಎಲೆಯನ್ನೋ ಕಾಗದವನ್ನೋ ಹಾಸಲೇಬೇಕು. ಇಲ್ಲವಾದರೆ ಹಣ್ಣು ಬೂದುಬಣ್ಣಕ್ಕೆ ತಿರುಗುತ್ತದೆ.

ಓಟಿಜಿ ಇಲ್ಲದವರು ಕುಕ್ಕರಿನಲ್ಲಿ ಉಪ್ಪು ಅಥವಾ ಮರಳು ಹಾಸಿ ಕೇಕು ಮಾಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಓಟಿಜಿ ಇದ್ದವರಿಗೂ ಅದೇ ಗತಿ. ಖಾಲಿ ಕಾಯಿಸಿದ ಕುಕ್ಕರು ಮತ್ತೆ ಅನ್ನ ಮಾಡಲು ಯೋಗ್ಯವಾಗಿ ಉಳಿಯುವುದಿಲ್ಲವಾದ್ದರಿಂದ ಹಳೆಯದೊಂದನ್ನು ಇದಕ್ಕೇ ಮೀಸಲಿಡಿ; ಮುಚ್ಚಳದ ರಬ್ಬರನ್ನೂ ವಿಷಲನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ಟಿನ್ನಿಟ್ಟು, ಆಮೇಲೆ ಉರಿಯನ್ನು ಪೂರ್ತಿ ಸಣ್ಣ ಮಾಡಿ. ಇಲ್ಲಿ ಕಾವು ಎಷ್ಟೆಂದು ಅಳೆಯುವ ಬಗೆ ಇಲ್ಲ, ಆದ್ದರಿಂದ ನಾನ್‌ಸ್ಟಿಕ್ ಟಿನ್ನು ಬೇಡವೇ ಬೇಡ. ಕಾವೆಲ್ಲ ಕೆಳಗಿನಿಂದಲೇ ಬರುವುದರಿಂದ ತಳಕ್ಕೆ ಎರಡು ಪದರ ಕಾಗದವಿರಲಿ.

ನನ್ನ ಮೊದಲ ಕೇಕು ಮುರಿದದ್ದು ಸವರದೆ ಅಲ್ಲ, ಅವಸರದಿಂದ. ಒಲೆಯಿಂದ ಇಳಿಸಿದ ಕೂಡಲೇ ತಟ್ಟೆಗೆ ಬೋರಲು ಹಾಕಿದೆ. ಮೇಲರ್ಧ ತಟ್ಟೆಗೆ ಬಂತು, ಕೆಳಗಿನ ಅರ್ಧ ಟಿನ್ನಿನಲ್ಲಿಯೇ ಉಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು “ಇಳಿಸಿದ ಕೂಡ್ಲೆ ಎಬ್ಬಿಸ್ತಾರ ಮಾರಾಯ್ತಿ? ಅದರ ಹಬೆ ಆರ್ಲಿ” ಎಂದರು, ಜೀವಮಾನದಲ್ಲಿ ಕೇಕು ಮಾಡದವರು. ಬಿಸಿಯಲ್ಲಿ ಕೇಕಿನ ಮೈ ಇನ್ನೂ ಮೆತ್ತಗಿರುತ್ತದೆ. ಆರುತ್ತ ಬಿಗಿಯಾಗಿ, ಗೋಡೆಯಿಂದ ಸ್ವಲ್ಪ ಸರಿದುಕೊಳ್ಳುತ್ತದೆ. ಹತ್ತರಿಂದ ಹದಿನೈದು ನಿಮಿಷ ಸರಿಯಾದ ಸಮಯ, ಜಡಿಮಳೆಯ ತಂಪಿನಲ್ಲಿ ಹತ್ತೇ ಸಾಕು. ಪೂರ್ತಿ ತಣ್ಣಗಾಗಲು ಬಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ, ಜಿಡ್ಡೂ ಪಾಕವೂ ಮತ್ತೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತವೆ. ಹಾಗೆ ಆಗಿಹೋದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಮೇಲೆ ಟಿನ್ನನ್ನು ಎರಡು ಮೂರು ನಿಮಿಷ ಕೂರಿಸಿ. ಜಿಡ್ಡು ಕರಗಿ ಬಿಡುತ್ತದೆ. ಅಂಚು ಬಿಡಿಸುವ ಚಾಕು ಮೊಂಡಾಗಿರಲಿ, ಅದನ್ನು ಟಿನ್ನಿನ ಗೋಡೆಗೆ ಒತ್ತಿ ಒಂದೇ ಸುತ್ತಿನಲ್ಲಿ ತಿರುಗಿಸಿ, ಗರಗಸದಂತೆ ಆಡಿಸಬೇಡಿ. ಬ್ರೆಡ್ಡಿಗೆ ಮಾತ್ರ ಐದು ನಿಮಿಷಕ್ಕಿಂತ ಹೆಚ್ಚು ಕಾಯುವ ಅಗತ್ಯವಿಲ್ಲ.

ತೊಳೆಯುವಾಗ ಬೂದಿಯನ್ನೂ ಅಡುಗೆ ಸೋಡಾವನ್ನೂ ಅಲ್ಯೂಮಿನಿಯಮ್ಮಿಗೆ ತಾಗಿಸಬೇಡಿ. ಅವುಗಳ ಕ್ಷಾರದಿಂದ ಅದು ಕಪ್ಪಾಗುತ್ತದೆ. ಕಪ್ಪಾಗಿದ್ದರೆ ಹುಣಸೆಹಣ್ಣಿನ ನೀರು ಹಾಕಿ ಕುದಿಸಿ. ಸ್ಟೀಲಿನ ನಾರಿನಿಂದ ಉಜ್ಜಿದ ಪ್ರತಿ ಗೀರೂ ಮುಂದಿನ ಕೇಕು ಹಿಡಿದುಕೊಳ್ಳುವ ಹೊಸ ಜಾಗ, ಆದ್ದರಿಂದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನವರಿಗೆ ಮತ್ತು ನಮ್ಮಂಥ ಪಕ್ಕದವರಿಗೆ ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಕಬ್ಬಿಣ ಮತ್ತು ತಗಡಿನ ಟಿನ್ನುಗಳನ್ನು ಒರೆಸಿ, ಆರುತ್ತಿರುವ ಒಲೆಯ ಕಾವಿನಲ್ಲಿ ಹತ್ತು ನಿಮಿಷವಿಟ್ಟು, ಬೆಚ್ಚಗಿರುವಾಗಲೇ ಒಂದು ಹನಿ ಎಣ್ಣೆ ಸವರಿ, ಒಂದರೊಳಗೊಂದು ಇಡುವಾಗ ನಡುವೆ ಹಳೆಯ ಪಂಚೆಯ ತುಂಡು ಹಾಕಿ, ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿ.