ವೈರಿಂಗ್ ಕೆಲಸದ ಬೆನ್ನಲ್ಲೇ ಮನೆಯಲ್ಲಿ ಹಾನಿಯಾದರೆ ಹೊಣೆ ಗೊತ್ತುಮಾಡುವುದು ಹೇಗೆ

ಡಿಬಿ, ಅಂದರೆ ಮನೆಯ ಸರ್ಕ್ಯೂಟ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಬದಲಾಯಿಸಿದ ಮಾರನೇ ದಿನವೇ ಟಿವಿ ಸುಟ್ಟರೆ ಮನೆಯವರಿಗೆ ಅನುಮಾನವೇ ಉಳಿಯುವುದಿಲ್ಲ, ತಪ್ಪು ಎಲೆಕ್ಟ್ರಿಷಿಯನ್‌ದು. ಗುತ್ತಿಗೆದಾರನಿಗೂ ಅನುಮಾನವಿಲ್ಲ, ಟಿವಿಯೇ ಹಳೆಯದು. ಆದರೆ ಕೆಲಸವಾದ ಮೇಲೆ ಕೆಟ್ಟಿದೆ ಎನ್ನುವುದು ಬೇರೆ, ಕೆಲಸದಿಂದಲೇ ಕೆಟ್ಟಿದೆ ಎನ್ನುವುದು ಬೇರೆ. ಇವೆರಡನ್ನು ಜೋಡಿಸುವ ತಾಂತ್ರಿಕ ಕಾರಣವನ್ನು ತೋರಿಸಬಲ್ಲವರ ಮಾತಿಗೆ ವಿಮಾ ಸರ್ವೇಯರ್ ಮುಂದೆಯೂ ಕೋರ್ಟಿನಲ್ಲೂ ತೂಕ ಹೆಚ್ಚು. ಆ ಸಾಕ್ಷ್ಯ ಹೆಚ್ಚಾಗಿ ಹಾಳಾಗುವುದು ಮೊದಲ ಕೆಲವು ಗಂಟೆಗಳಲ್ಲಿ.

ಮೊದಲು ಮಾಡಬೇಕಾದ್ದು

ಮೇನ್ ಸ್ವಿಚ್ ಆಫ್ ಮಾಡಿ. ನೋಡೋಣ ಎಂದು ಮತ್ತೆ ಆನ್ ಮಾಡಬೇಡಿ. ಹೊಗೆ ಅಥವಾ ಬೆಂಕಿ ಇದ್ದರೆ ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯುವುದೇ ಕೆಲಸ, ಉಳಿದದ್ದೆಲ್ಲ ಆಮೇಲೆ.

ಯಾವುದನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಇಡೀ ಡಿಬಿ ಮತ್ತು ಯಾವ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಕೆಳಗೆ ಬಿದ್ದಿದೆ ಎಂಬುದು ಮೊದಲು. ಅರ್ಹ ಕೆಲಸಗಾರರು ಮುಚ್ಚಳ ತೆರೆದ ಮೇಲೆ, ವೈರ್ ಅನ್ನು ಸ್ಕ್ರೂನಿಂದ ಬಿಗಿದ ಪ್ರತಿ ಟರ್ಮಿನಲ್‌ನ ಹತ್ತಿರದ ಚಿತ್ರ. ಮೇನ್ ಆಫ್ ಇದ್ದರೂ ಅದರ ಒಳಬರುವ ತುದಿಯಲ್ಲಿ ಕರೆಂಟ್ ಇರುತ್ತದೆ ಎಂಬುದು ನೆನಪಿರಲಿ. ಎಷ್ಟು ಗಂಟೆಗೆ ಏನಾಯಿತು, ಆಗ ಯಾವ ಯಾವ ಉಪಕರಣ ಓಡುತ್ತಿತ್ತು, ದೀಪಗಳು ಮಂಕಾದವೋ ಪ್ರಖರವಾದವೋ ಎಂಬುದನ್ನು ಅಂದೇ ಬರೆದಿಡಿ.

ಸಾಕ್ಷ್ಯ ಹಾಳಾಗುವ ಅತಿ ಸಾಮಾನ್ಯ ದಾರಿ ಒಂದಿದೆ. ಫೋನ್ ಮಾಡಿದ ಕೂಡಲೇ ಗುತ್ತಿಗೆದಾರನ ಹುಡುಗ ಓಡಿ ಬಂದು ಎಲ್ಲ ಸ್ಕ್ರೂಗಳನ್ನೂ ಬಿಗಿ ಮಾಡಿ ಹೋಗುತ್ತಾನೆ. ಅವನ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆಮೇಲೆ ಯಾವ ಟರ್ಮಿನಲ್ ಸಡಿಲವಾಗಿತ್ತು ಎಂದು ಯಾರೂ ಹೇಳಲಾರರು. ಇದರಿಂದ ಅವನಿಗೂ ನಷ್ಟವೇ: ಸಾಕ್ಷ್ಯ ಅಳಿಸಿದ ಆರೋಪ ಅವನ ತಲೆಗೇ ಬರುತ್ತದೆ. ತೆಗೆಯಲೇಬೇಕಾದ ಭಾಗಗಳನ್ನು ಚೀಟಿ ಅಂಟಿಸಿದ ಚೀಲದಲ್ಲಿ ಇಡಿ. ಸುಟ್ಟ ಉಪಕರಣವನ್ನು ಎರಡೂ ಕಡೆಯವರು ನೋಡುವ ತನಕ ರಿಪೇರಿಗೆ ಕೊಡಬೇಡಿ. ಆದರೆ ಹಾನಿ ಹೆಚ್ಚದಂತೆ ತಡೆಯುವುದು ಮನೆಯವರ ಜವಾಬ್ದಾರಿ. ಪೈಪ್ ಸೋರುತ್ತಿದ್ದರೆ ವಾಲ್ವ್ ಮುಚ್ಚಿ, ಚಿತ್ರ ತೆಗೆದಿಟ್ಟುಕೊಳ್ಳಿ.

ಅದೇ ದಿನ ಗುತ್ತಿಗೆದಾರನಿಗೆ ಬರಹದಲ್ಲಿ ತಿಳಿಸಿ: ಯಾವ ಕೆಲಸ, ಯಾವ ದಿನ, ಏನು ಹಾನಿ, ಇಂಥ ದಿನದೊಳಗೆ ಬಂದು ಪರೀಕ್ಷಿಸಿ, ಅಲ್ಲಿಯವರೆಗೆ ಏನೂ ಬದಲಿಸುವುದಿಲ್ಲ. ಬೈಗುಳ ಬೇಡ. ಆ ಸಂದೇಶ ಮುಂದೆ ಕಡತಕ್ಕೆ ಸೇರುತ್ತದೆ.

ಹಾನಿಯ ಗುರುತು ಓದುವುದು

ಒಂದೇ ಹೊತ್ತಿಗೆ ಹಲವು ಉಪಕರಣ ಸುಟ್ಟಿದ್ದರೆ ಮೊದಲು ನೋಡಬೇಕಾದ್ದು ನ್ಯೂಟ್ರಲ್, ಅಂದರೆ ಪ್ರವಾಹ ಮರಳಿ ಹೋಗುವ ವೈರ್. 230/400 ವೋಲ್ಟ್‌ನ ಮೂರು ಫೇಸ್ ಸಂಪರ್ಕದಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ಎರಡು ಫೇಸ್‌ಗಳ ಲೋಡ್‌ಗಳು 400 ವೋಲ್ಟ್‌ಗೆ ಸರಣಿಯಲ್ಲಿ ಸೇರಿದಂತಾಗುತ್ತವೆ. ಒಂದು ಕಡೆ 1000 ವ್ಯಾಟ್ ಹೀಟರ್, ಇನ್ನೊಂದು ಕಡೆ 100 ವ್ಯಾಟ್ ಬಲ್ಬ್ ಮಾತ್ರ ಇದೆ ಎನ್ನಿ. ತಂತಿ ಬಿಸಿಯಾದಾಗ ರೋಧದಲ್ಲಾಗುವ ಬದಲಾವಣೆ ಬಿಟ್ಟು ಲೆಕ್ಕ ಹಾಕಿದರೆ ಹೀಟರ್‌ಗೆ ಸುಮಾರು 36 ವೋಲ್ಟ್, ಬಲ್ಬ್‌ಗೆ ಸುಮಾರು 364 ವೋಲ್ಟ್. ಕಡಿಮೆ ಲೋಡ್ ಇರುವ ಕಡೆಯದೇ ಸುಡುವುದು ಇದರಿಂದ. ಪವರ್ ಸಪ್ಲೈಯಲ್ಲಿ ಕೆಪಾಸಿಟರ್ ಉಬ್ಬಿರುವುದು, ವೇರಿಸ್ಟರ್ (ಹೆಚ್ಚಿನ ವೋಲ್ಟೇಜ್‌ನಿಂದ ಕಾಯುವ ಭಾಗ) ಸಿಡಿದಿರುವುದು, ಕೆಲವು ದೀಪ ಪ್ರಖರವಾಗಿ ಕೆಲವು ಮಂಕಾಗಿದ್ದದ್ದು ಇದರ ಚಿಹ್ನೆಗಳು.

ಹಾಗೆಂದು ಹೊಣೆ ಕೂಡಲೇ ಗುತ್ತಿಗೆದಾರನ ಮೇಲೆ ಬೀಳುವುದಿಲ್ಲ. ನ್ಯೂಟ್ರಲ್ ಬಿಟ್ಟದ್ದು ಮೀಟರ್‌ನ ಈಚೆಗೋ ಆಚೆಗೋ? ಆಚೆಗಾದರೆ ಸಾಮಾನ್ಯವಾಗಿ ವಿದ್ಯುತ್ ಪೂರೈಕೆಯವರನ್ನು ಕೇಳಬೇಕು. ಅಕ್ಕಪಕ್ಕದ ಮನೆಗಳಲ್ಲೂ ಅದೇ ಹೊತ್ತಿಗೆ ಹಾನಿಯಾಗಿದೆಯೇ ವಿಚಾರಿಸಿ. ಸ್ಮಾರ್ಟ್ ಮೀಟರ್ ಅಥವಾ ಸೋಲಾರ್ ಇನ್ವರ್ಟರ್ ಇದ್ದರೆ ಅದರಲ್ಲಿ ವೋಲ್ಟೇಜ್ ದಾಖಲೆ ಇರುತ್ತದೆಯೇ ನೋಡಿ, ಇದ್ದರೆ ಬೇಗ ಪಡೆಯಿರಿ.

ಒಂದೇ ಟರ್ಮಿನಲ್ ಕರಗಿದ್ದರೆ ಕಥೆ ಬೇರೆ. ಸಡಿಲ ಜಾಯಿಂಟ್‌ನಲ್ಲಿ 0.1 ಓಮ್ ರೋಧವಿದ್ದು 20 ಆಂಪಿಯರ್ ಹರಿದರೆ ಅಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತದೆ. ಪ್ರವಾಹ ಮಿತಿಯೊಳಗೇ ಇರುವುದರಿಂದ ಎಂಸಿಬಿ ಬೀಳುವುದಿಲ್ಲ; "ಎಂಸಿಬಿ ಬಿದ್ದಿಲ್ಲ, ಹಾಗಾಗಿ ನಮ್ಮ ತಪ್ಪಲ್ಲ" ಎಂಬ ವಾದ ಇಲ್ಲಿ ನಿಲ್ಲದು. ಕಂದು ಬಣ್ಣ ಸ್ಕ್ರೂ ಹತ್ತಿರ ಗಾಢವಾಗಿ, ದೂರ ಹೋದಂತೆ ತಿಳಿಯಾದರೆ ಅನುಮಾನ ಜಾಯಿಂಟ್ ಮೇಲೆ. ವೈರ್‌ನ ಉದ್ದಕ್ಕೂ ಇನ್ಸುಲೇಶನ್ ಬೆಂದಿದ್ದರೆ ಓವರ್‌ಲೋಡ್. ಆಗ 1.5 ಚದರ ಮಿಲಿಮೀಟರ್ ವೈರ್‌ಗೆ 32 ಆಂಪಿಯರ್ ಎಂಸಿಬಿ ಹಾಕಿದ್ದಾರೆಯೇ ನೋಡಿ.

ಕೆಲಸ ಮುಗಿಸುವ ಹೊತ್ತಿಗೇ ಎಲ್‌ಇಡಿ ದೀಪ, ಡಿಮ್ಮರ್‌ಗಳು ಸತ್ತಿದ್ದರೆ ಮೆಗ್ಗರ್ ಪರೀಕ್ಷೆಯನ್ನು (ವೈರ್‌ಗಳ ಇನ್ಸುಲೇಶನ್ ರೋಧದ ಅಳತೆ) ಹೇಗೆ ಮಾಡಿದರು ಎಂದು ಕೇಳಿ. 500 ವೋಲ್ಟ್ ಡಿಸಿ ಕೊಡುವ ಮೊದಲು ಎಲೆಕ್ಟ್ರಾನಿಕ್ ಉಪಕರಣಗಳನ್ನು ಬಿಚ್ಚಬೇಕು, ಅಥವಾ ಫೇಸ್ ಮತ್ತು ನ್ಯೂಟ್ರಲ್ ಒಟ್ಟಿಗೆ ಜೋಡಿಸಿ ಅರ್ಥ್‌ಗೆ ಅಳೆಯಬೇಕು. ಗೋಡೆ ಕೊರೆಯುವಾಗ ಪೈಪ್‌ಗೆ ತಾಗಿದ್ದು ಮಾತ್ರ ತಡವಾಗಿ ಹೊರಬರುತ್ತದೆ: ಸ್ಕ್ರೂವೇ ತೂತು ಮುಚ್ಚಿಕೊಂಡಿದ್ದು, ವಾರಗಳ ನಂತರ ಗೋಡೆ ನೆನೆಯಬಹುದು.

ಗುತ್ತಿಗೆದಾರರಿಗೆ

ಕೆಲಸಕ್ಕೆ ಮೊದಲು ಮತ್ತು ನಂತರ ಒಂದೇ ಪಟ್ಟಿಯ ಅಳತೆಗಳನ್ನು ಬರೆದಿಟ್ಟವರಿಗೆ ಇಂಥ ಜಗಳದಲ್ಲಿ ಹೆದರಿಕೆ ಕಡಿಮೆ. ಫೇಸ್–ನ್ಯೂಟ್ರಲ್ ವೋಲ್ಟೇಜ್; ಪ್ರತಿ ಸರ್ಕ್ಯೂಟ್‌ನ ಇನ್ಸುಲೇಶನ್ ರೋಧ, 500 ವೋಲ್ಟ್‌ನಲ್ಲಿ ಕನಿಷ್ಠ 1 ಮೆಗಾಓಮ್; 30 ಮಿಲಿಆಂಪಿಯರ್‌ನ ಸಾಮಾನ್ಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) 30 ಮಿಲಿಆಂಪಿಯರ್ ಸೋರಿಕೆಯಲ್ಲಿ 300 ಮಿಲಿಸೆಕೆಂಡ್ ಒಳಗೆ ಬೀಳುತ್ತದೆಯೇ ಎಂಬುದು. ಸ್ಕ್ರೂ ಬಿಗಿತ ತಯಾರಕರು ಹೇಳಿದ ನ್ಯೂಟನ್ ಮೀಟರ್‌ಗೆ, ಟಾರ್ಕ್ ಸ್ಕ್ರೂಡ್ರೈವರ್‌ನಿಂದ, ಕೈಯಂದಾಜು ಸಾಲದು.

ಹಳೇ ವೈರ್‌ನ ದೋಷ ಕಂಡರೆ ಬರೆದು ಮನೆಯವರ ಸಹಿ ಪಡೆಯಿರಿ. ಅದು ನನ್ನ ಕೆಲಸದ ವ್ಯಾಪ್ತಿಯಲ್ಲ ಎಂಬ ಮಾತಿಗೆ ಬಲ ಬರುವುದು ಕಂಡದ್ದನ್ನು ತಿಳಿಸಿದ್ದರೆ ಮಾತ್ರ. ವಿಮೆ ಇದ್ದರೆ ಕಂಪನಿಗೆ ತಿಳಿಸದೆ ತಪ್ಪೊಪ್ಪಿಕೊಂಡು ಹಣ ಕೊಡಬೇಡಿ. ಹಲವು ಪಾಲಿಸಿಗಳಲ್ಲಿ ಅದರಿಂದ ರಕ್ಷಣೆ ಕೈತಪ್ಪುತ್ತದೆ.

ಹಣದ ಮಾತು

ಬೇಡಿಕೆಯಲ್ಲಿ ಎರಡು ಪಟ್ಟಿ ಬೇರೆ ಬೇರೆ ಇರಲಿ. ದೋಷಪೂರ್ಣ ಕೆಲಸವನ್ನು ಮತ್ತೆ ಮಾಡುವ ಖರ್ಚು ಒಂದು, ಅದರಿಂದ ಇತರ ಆಸ್ತಿಗೆ ಆದ ಹಾನಿ ಇನ್ನೊಂದು. ಹೊಣೆಗಾರಿಕೆ ವಿಮೆ ಸಾಮಾನ್ಯವಾಗಿ ಎರಡನೆಯದಕ್ಕೆ ಮಾತ್ರ. ಹಳೇ ಉಪಕರಣಕ್ಕೆ ಹೊಸದರ ಬೆಲೆ ಕೇಳಿದರೆ ಸವಕಳಿ ಕಳೆಯುತ್ತಾರೆ, ಆದ್ದರಿಂದ ಖರೀದಿಯ ವರ್ಷ ಮತ್ತು ಬಿಲ್ ಜೊತೆಗಿಡಿ.

ಒಪ್ಪಂದ ಆಗದಿದ್ದರೆ ಇಬ್ಬರೂ ಒಪ್ಪುವ ಸ್ವತಂತ್ರ ಎಂಜಿನಿಯರ್ ಒಬ್ಬರನ್ನು ಗೊತ್ತುಮಾಡಿ. ಅವರಿಗೆ ಕೊಡುವ ಪ್ರಶ್ನೆ "ತಪ್ಪು ಯಾರದು" ಎಂದಿರಬಾರದು. "ಈ ಟರ್ಮಿನಲ್ ಕರಗಲು ಕಾರಣವೇನು" ಎಂದಿರಲಿ. ರಾಜಿಪತ್ರಕ್ಕೆ ಸಹಿ ಹಾಕುವಾಗ "ಪೂರ್ಣ ಮತ್ತು ಅಂತಿಮ" ಎಂಬ ಮಾತಿದ್ದರೆ ಮನೆಯವರು ನಿಂತು ಓದಬೇಕು. ಆ ಪತ್ರ ಯಾವ ವಸ್ತುಗಳ ಹಾನಿಗೆ ಸಂಬಂಧಿಸಿದ್ದು ಎಂದು ಹೆಸರಿಸಿ, ಗೋಡೆಯೊಳಗಿನ ವೈರ್ ಮತ್ತು ಪೈಪ್‌ಗಳಲ್ಲಿ ಮುಂದೆ ಕಾಣುವ ಹಾನಿ ಇದರಲ್ಲಿ ಸೇರಿಲ್ಲ ಎಂದು ಬರೆಸಿಕೊಳ್ಳಿ.