ವಿಆರ್‌ನಲ್ಲಿ ಪ್ಲಾಟ್‌ಫಾರ್ಮ್ ಆಟ: ಬೆರಳಿನ ಜೊತೆ ಕುತ್ತಿಗೆಗೂ ಕೆಲಸ ಕೊಡಿ

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ, ಹಾಕಿಕೊಂಡರೆ ನಾವೇ ನಾಯಕ, ಕೈಯಲ್ಲಿ ಬಂದೂಕು ಅಂತ ಹಲವರು ಅಂದುಕೊಂಡಿದ್ದಾರೆ. ಎಲ್ಲ ಆಟಗಳೂ ಹಾಗಲ್ಲ. ಕೆಲವು ಆಟಗಳಲ್ಲಿ ಗೇಣುದ್ದದ ಪಾತ್ರವೊಂದು ನಮ್ಮ ಎದುರೇ ನಿಂತಿರುತ್ತದೆ. ಅದನ್ನು ಓಡಿಸಿ, ಜಿಗಿಸಿ, ಹಳ್ಳ ದಾಟಿಸುವುದು ನಮ್ಮ ಕೆಲಸ. ಇವೇ ಪ್ಲಾಟ್‌ಫಾರ್ಮ್ ಆಟಗಳು. ಮಾರಿಯೋ ಆಡಿ ಬೆಳೆದವರು ವಿಆರ್ ಕಲಿಯಲು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಮೊದಲು ಆಟ ಆರಿಸಿ. ಹೊಸಬರಿಗೆ ನಾನು ಹೇಳುವುದು ‘ಮಾಸ್’. ಅಮೆರಿಕದ ಪಾಲಿಆರ್ಕ್ ಕಂಪನಿ 2018ರಲ್ಲಿ ತಂದ ಆಟ ಇದು. ಕ್ವಿಲ್ ಎಂಬ ಪುಟ್ಟ ಇಲಿ ಇದರ ನಾಯಕಿ. ಪ್ರತಿ ದೃಶ್ಯವೂ ನವರಾತ್ರಿಯ ಬೊಂಬೆ ಜೋಡಣೆಯ ಹಾಗೆ ಕಣ್ಣೆದುರು ನಿಂತಿರುತ್ತದೆ. ಓಡಾಡುವುದು ಇಲಿ ಮಾತ್ರ, ನಾವು ಕೂತಲ್ಲೇ ಇರುತ್ತೇವೆ. ಹಾಗಾಗಿ ತಲೆ ಸುತ್ತುವುದು ಕಡಿಮೆ.

ಲೆನ್ಸ್ ಹೊಂದಿಸಿ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಕಷ್ಟ. ಕನ್ನಡಿ ಮುಂದೆ ನಿಂತು, ಸ್ಕೇಲ್ ಹಿಡಿದು ಎರಡು ಕಣ್ಣುಪಾಪೆಗಳ ನಡುವಿನ ದೂರ ಅಳೆಯಿರಿ. ದೊಡ್ಡವರಲ್ಲಿ ಇದು ಸರಾಸರಿ 63 ಮಿಲಿಮೀಟರ್ ಆಸುಪಾಸು. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ಇದಕ್ಕೆಂದೇ ಒಂದು ಚಿಕ್ಕ ಚಕ್ರ ಇದೆ. ಕ್ವೆಸ್ಟ್ 2ರಲ್ಲಿ 58, 63, 68 ಎಂಬ ಮೂರು ಅಳತೆಗಳಷ್ಟೇ, ಹತ್ತಿರದ್ದನ್ನು ಆರಿಸಿಕೊಳ್ಳಿ. ಅಳತೆ ತಪ್ಪಿದರೆ ಚಿತ್ರ ಮಸುಕಾಗುತ್ತದೆ, ಕಣ್ಣು ನೋಯುತ್ತದೆ. ಅಂದಹಾಗೆ, ಹೆಡ್‌ಸೆಟ್ಟನ್ನು ಬಿಸಿಲು ಬೀಳುವ ಕಿಟಕಿ ಬಳಿ ಇಡಲೇಬೇಡಿ. ಲೆನ್ಸ್ ಮೂಲಕ ಹಾದ ಬಿಸಿಲು ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಕೂತು ಆಡಿ. ಕೈಯಿಲ್ಲದ, ಗಟ್ಟಿಯಾದ ಕುರ್ಚಿ ಸಾಕು. ಮುಂದೆ ಬಾಗಲು ಒಂದಿಷ್ಟು ಜಾಗ ಇರಲಿ. ಕೂತ ಮೇಲೆ ನೋಟವನ್ನು ನೇರ ಮಾಡಿಕೊಳ್ಳಿ. ಕ್ವೆಸ್ಟ್‌ನಲ್ಲಾದರೆ ಬಲಗೈ ಕಂಟ್ರೋಲರ್‌ನ ಮೆಟಾ ಬಟನ್ ಒತ್ತಿ ಹಿಡಿದರೆ ಆಯಿತು.

ಈಗ ಕುತ್ತಿಗೆಯ ಸರದಿ. ಟಿವಿ ಮುಂದೆ ಆಡುವಾಗ ಬಲ ಹೆಬ್ಬೆರಳು ಸದಾ ಕ್ಯಾಮೆರಾ ತಿರುಗಿಸುತ್ತಿರುತ್ತದೆ, ಅಲ್ವಾ? ಇಲ್ಲಿ ಆ ಅಭ್ಯಾಸ ಬಿಡಬೇಕು. ನಿಮ್ಮ ತಲೆಯೇ ಕ್ಯಾಮೆರಾ. ಗೋಡೆಯ ಹಿಂದೆ ಏನಿದೆ ಎಂದು ನೋಡಬೇಕೇ? ಬಾಗಿ ಇಣುಕಿ. ಸೋನಿಯ ಜಪಾನ್ ಸ್ಟುಡಿಯೊ 2018ರಲ್ಲಿ ತಂದ ‘ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್’ ನಿಂತಿರುವುದೇ ಈ ಇಣುಕಾಟದ ಮೇಲೆ. ಕಳೆದುಹೋದ ಪುಟ್ಟ ರೋಬಾಟ್‌ಗಳು ಪ್ರತಿ ಹಂತದಲ್ಲೂ ಎಂಟು. ಒಂದು ಬಂಡೆಯ ಹಿಂದೆ, ಇನ್ನೊಂದು ನಮ್ಮ ತಲೆಯ ಮೇಲೆ, ಮತ್ತೊಂದು ಬೆನ್ನ ಹಿಂದೆಯೇ ಇರಬಹುದು. ಕ್ಯಾಮೆರಾ ಮುಂದಕ್ಕಷ್ಟೇ ಸಾಗುವುದರಿಂದ ದಾಟಿದ ಜಾಗಕ್ಕೆ ವಾಪಸ್ ಹೋಗಲು ಆಗುವುದಿಲ್ಲ. ಆದ್ದರಿಂದ ಪ್ರತಿ ತಿರುವಿನಲ್ಲೂ ನಿಂತು, ಸುತ್ತ ನೋಡಿ, ಆಮೇಲೆ ಹೆಜ್ಜೆ ಇಡಿ.

ಜಿಗಿಯುವ ಮುನ್ನ. ಟಿವಿಯಲ್ಲಿ ಆಡುವಾಗ, ಜಿಗಿದು ನಿಲ್ಲಬೇಕಾದ ಹಲಗೆ ಎಷ್ಟು ದೂರ ಇದೆ ಎಂಬುದನ್ನು ಪಾತ್ರದ ನೆರಳು ನೋಡಿ ಅಂದಾಜು ಮಾಡುತ್ತೇವೆ. ವಿಆರ್‌ನಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಸಿಗುವುದರಿಂದ ದೂರ ನಿಜವಾಗಿಯೇ ಕಾಣುತ್ತದೆ. ಆದರೂ ಹಲಗೆ ಬಹಳ ದೂರ ಇದ್ದಾಗ ಈ ಲಾಭ ಕಡಿಮೆಯಾಗುತ್ತದೆ. ಆಗ ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ. ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಅಷ್ಟರಲ್ಲೇ ಅಂದಾಜು ಸಿಕ್ಕಿಬಿಡುತ್ತದೆ.

ಹೊಟ್ಟೆ ತೊಳಸಿದರೆ ತಕ್ಷಣ ನಿಲ್ಲಿಸಿ. ಕಣ್ಣು ‘ಚಲಿಸುತ್ತಿದ್ದೇನೆ’ ಅನ್ನುತ್ತದೆ, ಒಳಗಿವಿ ‘ಇಲ್ಲ, ಕೂತಿದ್ದೇನೆ’ ಅನ್ನುತ್ತದೆ. ಈ ಗೊಂದಲದಿಂದಲೇ ವಾಕರಿಕೆ ಬರುವುದು. ಹಠ ಹಿಡಿದು ಆಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಮೊದಮೊದಲು ಹತ್ತು–ಹದಿನೈದು ನಿಮಿಷ ಸಾಕು. ಮುಖಕ್ಕೆ ಗಾಳಿ ಬರುವಂತೆ ಫ್ಯಾನ್ ಹಾಕಿಕೊಳ್ಳಿ. ಪಾತ್ರದ ಹಿಂದೆಯೇ ಕ್ಯಾಮೆರಾ ಓಡುವ ‘ಮ್ಯಾಕ್ಸ್ ಮಸ್ಟರ್ಡ್’ನಂಥ ಆಟಗಳನ್ನು ಆಮೇಲೆ ನೋಡಿದರಾಯಿತು. ಸೆಟ್ಟಿಂಗ್ಸ್‌ನಲ್ಲಿ ನೋಟದ ಅಂಚನ್ನು ಕಪ್ಪಾಗಿಸುವ ಆಯ್ಕೆ ಇದ್ದರೆ ಆನ್ ಮಾಡಿಕೊಳ್ಳಿ.

ಕೊಳ್ಳುವ ಮುನ್ನ ಇನ್ನೊಂದು ಮಾತು. ‘ರೆಸ್ಕ್ಯೂ ಮಿಷನ್’ ಓಡುವುದು 2016ರ ಹಳೆಯ ಪ್ಲೇಸ್ಟೇಷನ್ ವಿಆರ್‌ನಲ್ಲಿ ಮಾತ್ರ. 2023ರ ವಿಆರ್2ನಲ್ಲಿ ಓಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್ ತಗೊಳ್ಳುವುದಾದರೆ ಜೊತೆಗೆ ಪ್ಲೇಸ್ಟೇಷನ್ ಕ್ಯಾಮೆರಾ ಇದೆಯೇ ಎಂದು ಕೇಳಿ. ಪ್ಲೇಸ್ಟೇಷನ್ 5ಕ್ಕೆ ಜೋಡಿಸುವವರಿಗೆ ಆ ಕ್ಯಾಮೆರಾದ ಅಡಾಪ್ಟರ್ ಕೂಡ ಬೇಕಾಗುತ್ತದೆ.